ಆರ್ಕೈವ್ಸ್ ಬಾಗಿಲು ಮಕ್ಕಳಿಗೂ ತೆರೆಯಲಿ

ಎಂಟನೇ ಕ್ಲಾಸಿನ ಸಮಾಜ ವಿಜ್ಞಾನದಲ್ಲಿ ‘ಆಧಾರಗಳು’ ಅಂತ ಒಂದು ಪಾಠ ಇದೆ. ಸಾಹಿತ್ಯ ಆಧಾರ, ಪುರಾತತ್ವ ಆಧಾರ, ಶಾಸನ, ನಾಣ್ಯ, ಸ್ಮಾರಕ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಬೇಸಿಗೆ ರಜೆಯಲ್ಲಿ ಮರೆಯುತ್ತಾರೆ. ಯಲಹಂಕದ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಬಹಳ ವರ್ಷಗಳಿಂದ ಈ ಪಾಠ ಮಾಡುತ್ತಿದ್ದೇನೆ. ಒಂದು ಸಲ ಮೂರನೇ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಆಧಾರ ಆಧಾರ ಅಂತೀರಲ್ಲ, ಅದನ್ನ ನೋಡೋಕೆ ಎಲ್ಲಿಗೆ ಹೋಗ್ಬೇಕು?”

ಶಾಸನದ ಮಟ್ಟಿಗೆ ಉತ್ತರ ಸುಲಭ. ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿ, ‘ಬೆಂಗಳೂರು ಕಾಳಗ’ದ ಮಾತಿರುವ ಕಲ್ಲು ನೋಡಬಹುದು. ಸುಮಾರು 890ರದ್ದು. ನಮ್ಮ ಶಾಲೆಗೆ ಇನ್ನೂ ಹತ್ತಿರ ಅಂದರೆ ಹೆಬ್ಬಾಳದ ಕಿತ್ತಯ್ಯನ ಶಾಸನ, ಸುಮಾರು 750ರದ್ದು. ಹಾಗಾದರೆ ಕಾಗದ? ಪತ್ರ, ಅರ್ಜಿ, ನಕ್ಷೆ, ಸರ್ಕಾರಿ ಆದೇಶ, ಲೆಕ್ಕದ ಪುಸ್ತಕ? ಕಳೆದ ಇನ್ನೂರು ವರ್ಷದ ಇತಿಹಾಸ ಬಹುಪಾಲು ಇರುವುದೇ ಇವುಗಳಲ್ಲಿ. ಆ ಹುಡುಗಿಗೆ ‘ಪತ್ರಾಗಾರಕ್ಕೆ ಹೋಗ್ಬೇಕು’ ಅಂದೆ, ಅಂದರೆ ಹಳೇ ದಾಖಲೆಗಳನ್ನು ಕಾಪಾಡಿಡುವ ಆರ್ಕೈವ್ಸ್‌ಗೆ. ಅವಳು ಮುಂದಿನ ಪ್ರಶ್ನೆ ಕೇಳಿದಳು: “ನಮ್ಮನ್ನ ಒಳಗೆ ಬಿಡ್ತಾರಾ?”

ಅಲ್ಲಿಂದ ನಾನು ಬೆಂಗಳೂರಿನಲ್ಲಿ ಎಲ್ಲೆಲ್ಲಿ ಆರ್ಕೈವ್ಸ್ ಬಗ್ಗೆ ಉಪನ್ಯಾಸ, ಪ್ರದರ್ಶನ, ಕಾರ್ಯಾಗಾರ ಇದೆಯೋ ಅಲ್ಲೆಲ್ಲ ಹೋಗತೊಡಗಿದೆ. ಅದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಮುಖ್ಯವಾಗಿ ನನ್ನಂಥ ಶಿಕ್ಷಕರು ಓದಲಿ ಅಂತ.

ಮೊದಲು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿನ ಎನ್‌ಸಿಬಿಎಸ್, ಅಂದರೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ. ಬಳ್ಳಾರಿ ರಸ್ತೆಯಲ್ಲಿ ದಿನಾ ಓಡಾಡುವ ಎಷ್ಟೋ ಜನರಿಗೆ ಅಲ್ಲೊಂದು ಸಾರ್ವಜನಿಕ ಆರ್ಕೈವ್ಸ್ ಇದೆ ಅಂತ ಗೊತ್ತಿಲ್ಲ. 2019ರಲ್ಲಿ ಶುರುವಾದದ್ದು. ಸ್ವಾತಂತ್ರ್ಯದ ನಂತರದ ಭಾರತದ ವಿಜ್ಞಾನ, ಅದರಲ್ಲೂ ಜೀವವಿಜ್ಞಾನ ಹೇಗೆ ನಡೆದುಬಂತು ಅನ್ನುವುದರ ದಾಖಲೆಗಳು ಅಲ್ಲಿ ಸಿಗುತ್ತವೆ. ವಿಜ್ಞಾನಿಗಳ ಪತ್ರ, ಪ್ರಯೋಗಾಲಯದ ನೋಟ್‌ಬುಕ್, ಫೋಟೋ, ಸಂದರ್ಶನದ ಧ್ವನಿಮುದ್ರಣ. ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ ಅವರ ಕಾಗದಪತ್ರಗಳೂ ಅಲ್ಲೇ ಇವೆ. ವಾಸನೆ ಮತ್ತು ರುಚಿ ಮೆದುಳಿಗೆ ಹೇಗೆ ತಲುಪುತ್ತದೆ ಅಂತ ತಿಳಿಯಲು ಹಣ್ಣಿನ ನೊಣದ ಮೇಲೆ ಕೆಲಸ ಮಾಡಿದವರು ಅವರು.

ಈ ಆರ್ಕೈವ್ಸ್‌ನವರು ತಿಂಗಳ ಉಪನ್ಯಾಸ ನಡೆಸುತ್ತಾರೆ. ಯಾರು ಬೇಕಾದರೂ ಹೋಗಬಹುದು. ಪಿಎಚ್‌ಡಿ ವಿದ್ಯಾರ್ಥಿಗಳು ಜಾಸ್ತಿ ಇರುತ್ತಾರೆ, ಆದರೆ ನಿವೃತ್ತರು, ಪತ್ರಕರ್ತರು, ನನ್ನಂಥ ಮೇಷ್ಟ್ರುಗಳೂ ಸಿಗುತ್ತಾರೆ. ಮಾತಾಡುವವರು ಎಲ್ಲರೂ ಇತಿಹಾಸಕಾರರೇ ಅಲ್ಲ. ಒಬ್ಬರು ಕಲಾವಿದರು, ಇನ್ನೊಬ್ಬರು ಕಾಡು ಸುತ್ತಿದವರು, ಮತ್ತೊಬ್ಬರು ದಾಖಲೆ ಜೋಡಿಸುವ ಕೆಲಸವನ್ನೇ ಜೀವನವಿಡೀ ಮಾಡಿದವರು. ನನಗೆ ಹೆಚ್ಚು ಉಪಯೋಗ ಆದದ್ದು ಆ ಕೊನೆಯ ಥರದವರ ಮಾತಿನಿಂದ.

ಯಾಕೆ ಅಂದರೆ, ಆರ್ಕೈವ್ಸ್ ಒಂದು ದೊಡ್ಡ ಲೈಬ್ರರಿ ಇದ್ದಂತೆ ಅಂತ ನಮ್ಮಲ್ಲಿ ಬಹಳ ಜನರ ಕಲ್ಪನೆ. ಲೈಬ್ರರಿಯಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸುತ್ತಾರೆ. ಇತಿಹಾಸ ಒಂದು ಕಪಾಟು, ಗಣಿತ ಇನ್ನೊಂದು ಕಪಾಟು. ಆರ್ಕೈವ್ಸ್‌ನಲ್ಲಿ ಹಾಗೆ ಮಾಡುವುದಿಲ್ಲ. ಒಂದು ಕಚೇರಿಯಿಂದ ಅಥವಾ ಒಬ್ಬ ವ್ಯಕ್ತಿಯಿಂದ ಬಂದ ಕಾಗದಗಳನ್ನು ಒಟ್ಟಿಗೇ ಇಡುತ್ತಾರೆ, ಬೇರೆಯವರದರ ಜೊತೆ ಬೆರೆಸುವುದಿಲ್ಲ. ಆ ಕಚೇರಿ ಯಾವ ಕ್ರಮದಲ್ಲಿ ಇಟ್ಟಿತ್ತೋ, ಆದಷ್ಟು ಅದೇ ಕ್ರಮದಲ್ಲಿ ಬಿಡುತ್ತಾರೆ. ಒಂದು ಅರ್ಜಿ, ಅದರ ಹಿಂದೆ ಹೋಬಳಿಯ ಶೇಕ್ದಾರರ ವರದಿ, ಅದರ ಹಿಂದೆ ತಾಲ್ಲೂಕಿನ ಅಮಲ್ದಾರರ ಟಿಪ್ಪಣಿ, ಆಮೇಲೆ ಆದೇಶ. ಅರ್ಜಿಯನ್ನು ಮಾತ್ರ ಎತ್ತಿ ‘ಕೆರೆಗಳು’ ಅನ್ನುವ ಪೆಟ್ಟಿಗೆಗೆ ಹಾಕಿದರೆ ಆ ಅರ್ಜಿಗೆ ಏನಾಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಇದನ್ನು ಒಬ್ಬ ಆರ್ಕಿವಿಸ್ಟ್ ಒಂದೇ ಫೈಲು ಕೈಯಲ್ಲಿ ಹಿಡಿದು, ಹಾಳೆ ಮಗುಚುತ್ತಾ ತೋರಿಸಿದರು. ಬಿಎಡ್‌ನಲ್ಲಿ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಉಪನ್ಯಾಸ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು. ಹಳೇ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನ ಹೇಗೆ ಬೆಳೆಯಿತು ಅನ್ನುವುದು ವಿಷಯ. ಪರದೆ ಮೇಲೆ ಲೆಸ್ಲಿ ಕೋಲ್ಮನ್ ಹೆಸರು ಬಂತು. ಕೆನಡಾದವರು. 1908ರಲ್ಲಿ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಬಂದವರು ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಅಡಿಕೆಯ ಕೊಳೆರೋಗ ಒಂದು. 1910ರಲ್ಲಿ ಅದರ ಬಗ್ಗೆ ಬುಲೆಟಿನ್ ಪ್ರಕಟಿಸಿದರು. ಕೊಳೆಗೆ ಕಾರಣ ಒಂದು ಶಿಲೀಂಧ್ರ, ಮಳೆಗೆ ಮುಂಚೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದರೆ ತಡೆಯಬಹುದು ಅಂತ ತೋರಿಸಿಕೊಟ್ಟರು.

ನನ್ನ ತವರು ತೀರ್ಥಹಳ್ಳಿ ಕಡೆ. ಮೇ ಕೊನೆ ಬಂತು ಅಂದರೆ ನಮ್ಮನೆ ಅಂಗಳದಲ್ಲಿ ಡ್ರಮ್ಮು ಇಟ್ಟು ಮೈಲುತುತ್ತ ಒಂದು ಕಡೆ, ಸುಣ್ಣ ಒಂದು ಕಡೆ ಕರಗಿಸಿ ಬೆರೆಸುತ್ತಿದ್ದರು. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆ ನೀಲಿ ಬಣ್ಣ ಅಪ್ಪನ ಅಂಗಿಯಿಂದ ಹೋಗುತ್ತಲೇ ಇರಲಿಲ್ಲ. ಅದಕ್ಕೂ ಹಿಂದಿನ ಕಾಲದಲ್ಲಿ ಪ್ರತಿ ಗೊನೆಗೂ ಕೊಟ್ಟೆ, ಅಂದರೆ ಹೊದಿಕೆ, ಕಟ್ಟಿ ಮಳೆನೀರು ಬೀಳದಂತೆ ಮಾಡುತ್ತಿದ್ದರು. ಅಜ್ಜ ಅದನ್ನು ಹೇಳುತ್ತಿದ್ದರು. ಒಂದೊಂದು ಮರಕ್ಕೂ ಹತ್ತಬೇಕು, ಒಂದೊಂದು ಗೊನೆಗೂ ಕಟ್ಟಬೇಕು. ಔಷಧಿ ಹೊಡೆಯುವುದು ಎಲ್ಲಿಂದ ಬಂತು ಅಂತ ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲಿಂದ ಇದ್ದದ್ದೇ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಪ್ರಶ್ನೆ ಕೇಳುವ ಸಮಯ ಬಂದಾಗ ಎದ್ದು ನಿಂತೆ. ಅಲ್ಲಿಯ ತನಕ ಎಲ್ಲವೂ ಇಂಗ್ಲಿಷಿನಲ್ಲಿ ನಡೆದಿತ್ತು. ನಾನು ಕನ್ನಡದಲ್ಲೇ ಕೇಳಿದೆ: ಕೊಟ್ಟೆ ಕಟ್ಟುವ ಪದ್ಧತಿ ಆ ಬುಲೆಟಿನ್ನಿನಲ್ಲಿ ಬರುತ್ತದಾ, ರೈತರನ್ನು ಕೇಳಿ ಬರೆದದ್ದಾ? ಮಾತಾಡಿದವರು ಕನ್ನಡದಲ್ಲೇ ಉತ್ತರ ಕೊಟ್ಟರು. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಸಾಗರದವರಂತೆ, ತಮ್ಮ ಕಡೆ ಕೊಟ್ಟೆಯನ್ನು ಯಾವುದರಿಂದ ಮಾಡುತ್ತಿದ್ದರು ಅಂತ ಕೈಯಲ್ಲಿ ಮಡಚಿ ತೋರಿಸಿದರು. ಕಾಲು ಗಂಟೆ ಇಡೀ ಸಭೆ ಕನ್ನಡಕ್ಕೆ ತಿರುಗಿತು. ಉಪನ್ಯಾಸ ಮಾಡಿದವರು ನೋಟ್‌ಬುಕ್ ತೆಗೆದು ಬರೆದುಕೊಂಡರು. ನನಗೆ ತುಂಬಾ ಸಂತೋಷವಾಯಿತು. ದಾಖಲೆಯಲ್ಲಿ ಇಲ್ಲದ ಮಾತು ಅಲ್ಲಿ ಕೂತವರ ಹತ್ತಿರ ಇತ್ತು, ಅದು ಬಾಯಿಂದ ಹೊರಗೆ ಬರಲು ಭಾಷೆ ಒಂದು ಬದಲಾಗಬೇಕಿತ್ತು ಅಷ್ಟೇ.

ಇನ್ನು ಕಾರ್ಯಾಗಾರದ ವಿಷಯ. ಹಳೇ ಕಾಗದ ಕಾಪಾಡುವುದು ಹೇಗೆ ಅಂತ ಒಂದು ದಿನದ ತರಬೇತಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ.

ಮೊದಲ ಪಾಠ ಕೈ ತೊಳೆಯುವುದು. ಸಿನಿಮಾದಲ್ಲಿ ಬಿಳಿ ಹತ್ತಿ ಗ್ಲೌಸ್ ಹಾಕಿಕೊಂಡು ಹಳೇ ಪುಸ್ತಕ ಮುಟ್ಟುತ್ತಾರಲ್ವಾ? ಕಾಗದಕ್ಕೆ ಅದು ಬೇಡ ಅಂದರು. ಗ್ಲೌಸ್ ಹಾಕಿದರೆ ಬೆರಳಿಗೆ ಹಾಳೆಯ ಅಂಚು ತಿಳಿಯುವುದಿಲ್ಲ, ಹರಿಯುವ ಸಂಭವ ಜಾಸ್ತಿ. ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿದ ಕೈ ಸಾಕು. ಫೋಟೋ ಮತ್ತು ನೆಗೆಟಿವ್‌ಗೆ ಮಾತ್ರ ಗ್ಲೌಸ್ ಬೇಕು, ಬೆರಳಿನ ಜಿಡ್ಡು ಅದರ ಮೇಲೆ ಉಳಿದುಬಿಡುತ್ತದೆ.

ಎರಡನೆಯದು, ಏನು ತೆಗೆಯಬೇಕು. ಗುಂಡುಪಿನ್, ಸ್ಟೇಪಲ್, ರಬ್ಬರ್ ಬ್ಯಾಂಡ್, ಸೆಲ್ಲೋಟೇಪು. ಪಿನ್ ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಳ್ಳುತ್ತದೆ. ಟೇಪಿನ ಪ್ಲಾಸ್ಟಿಕ್ ಉದುರಿಹೋದರೂ ಅದರ ಗೋಂದು ಹಳದಿ ಕಲೆಯಾಗಿ ಕೂತುಬಿಡುತ್ತದೆ. ಹಳೇ ಪತ್ರದ ಜೊತೆ ದಿನಪತ್ರಿಕೆಯ ತುಂಡು ಇಟ್ಟರೆ ಅದರ ಆಮ್ಲ ಪಕ್ಕದ ಹಾಳೆಗೂ ಇಳಿಯುತ್ತದೆ. ಕೆಲವು ಹಾಳೆಗಳ ಮೇಲೆ ಕಂದು ಬಣ್ಣದ ಚೌಕ ಇರುತ್ತದೆ ನೋಡಿ, ಅದು ಯಾವತ್ತೋ ಮಡಚಿಟ್ಟ ಪೇಪರ್ ಕಟಿಂಗಿನ ಗುರುತು.

ಮೂರನೆಯದು ಹರಿದ ಹಾಳೆ ಸರಿಮಾಡುವುದು. ಜಪಾನಿನ ಕೋಜೋ ಎಂಬ ಗಿಡದ ನಾರಿನಿಂದ ಮಾಡಿದ ಟಿಶ್ಯೂ ಕಾಗದ ಕೊಟ್ಟರು. ಬಹಳ ತೆಳು, ಆದರೆ ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ. ಅದನ್ನು ಕತ್ತರಿಯಲ್ಲಿ ಕತ್ತರಿಸಬಾರದು. ನೀರಿನಲ್ಲಿ ಅದ್ದಿದ ಕುಂಚದಿಂದ ಗೆರೆ ಎಳೆದು, ಆ ಗೆರೆಯ ಮೇಲೆ ಮೆಲ್ಲಗೆ ಎಳೆದು ಹರಿಯಬೇಕು. ಆಗ ಅಂಚಿನಲ್ಲಿ ನಾರುಗಳು ಕೂದಲೆಳೆಯಂತೆ ಹೊರಗೆ ಬರುತ್ತವೆ. ಆ ನಾರುಗಳೇ ಹಳೇ ಕಾಗದವನ್ನು ಹಿಡಿದುಕೊಳ್ಳುವುದು. ಗೋಧಿ ಪಿಷ್ಟದ ಅಂಟನ್ನು ನೀರು ಹಾಕಿ ತಿಳಿ ಮಾಡಿ, ಟಿಶ್ಯೂಗೆ ಸವರಿ, ಹರಿದ ಜಾಗದ ಹಿಂಬದಿಗೆ ಇಟ್ಟು, ಮೇಲೆ ಬ್ಲಾಟಿಂಗ್ ಪೇಪರ್, ಅದರ ಮೇಲೆ ತೂಕ. ಅವರು ಕೊಟ್ಟಿದ್ದು ಅಭ್ಯಾಸಕ್ಕೆಂದೇ ಇಟ್ಟಿದ್ದ ರದ್ದಿ ಹಾಳೆ. ಆದರೂ ಆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಒಣಗಿದ ಮೇಲೆ ಎತ್ತಿ ಬೆಳಕಿಗೆ ಹಿಡಿದೆ. ಹರಿದಿದ್ದ ಗೆರೆ ಕಾಣುತ್ತಿತ್ತು, ಅಕ್ಷರ ಒಂದೂ ಮುಚ್ಚಿರಲಿಲ್ಲ. ಬೇಡ ಅಂದರೆ ಮತ್ತೆ ನೀರು ಸವರಿ ಬಿಡಿಸಬಹುದು. ತಿರುಗಿ ಬಿಡಿಸಲಿಕ್ಕೆ ಬರದ ಯಾವ ರಿಪೇರಿಯನ್ನೂ ಮಾಡಬಾರದು ಅಂತ ತರಬೇತಿ ಕೊಟ್ಟವರು ಮತ್ತೆ ಮತ್ತೆ ಹೇಳಿದರು.

ಅವರು ಹೇಳಿದ ಒಂದು ವಿಷಯ ನನಗೆ ಹೊಸದು. 1950ರ ದಶಕದಲ್ಲಿ ನಮ್ಮ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲೇ ಒಂದು ವಿಧಾನ ಕಂಡುಕೊಂಡರಂತೆ. ಹಾಳೆಯ ಎರಡೂ ಬದಿಗೆ ಸೆಲ್ಯುಲೋಸ್ ಅಸಿಟೇಟಿನ ತೆಳು ಪೊರೆ, ಅದರ ಮೇಲೆ ಟಿಶ್ಯೂ. ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಪೊರೆ ಕರಗಿ ಮೂರೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅದಕ್ಕೂ ಮುಂಚೆ ಈ ಕೆಲಸಕ್ಕೆ ಬಿಸಿ ಮತ್ತು ಒತ್ತಡದ ದೊಡ್ಡ ಯಂತ್ರ ಬೇಕಿತ್ತು. ಇದಕ್ಕೆ ಯಂತ್ರವೂ ಬೇಡ, ಕರೆಂಟೂ ಬೇಡ. ಹಾಗಾಗಿ ಸಣ್ಣ ಪತ್ರಾಗಾರಗಳಿಗೆ ಬಹಳ ಅನುಕೂಲವಾಯಿತು. ಈಗ ಅದನ್ನು ಕಡಿಮೆ ಮಾಡಿದ್ದಾರೆ, ಅಸಿಟೇಟೇ ವಯಸ್ಸಾದಂತೆ ಹಾಳಾಗುತ್ತದೆ ಅನ್ನುವುದು ಗೊತ್ತಾಗಿದೆ. ಆದರೂ ಆ ಕಾಲದಲ್ಲಿ, ಹಣ ಇಲ್ಲದ ಹೊಸ ದೇಶದಲ್ಲಿ, ಕೈಯಲ್ಲೇ ಮಾಡಬಹುದಾದ ದಾರಿ ಹುಡುಕಿದರಲ್ಲ, ಅದಕ್ಕೆ ನನಗೆ ತುಂಬಾ ಗೌರವ ಇದೆ. ಇದನ್ನು ವಿಜ್ಞಾನದ ಟೀಚರ್‌ಗೂ ಹೇಳಿದೆ. ಅವರು ರಸಾಯನಶಾಸ್ತ್ರದ ಪಾಠದಲ್ಲಿ ಬಳಸಿಕೊಂಡರು.

ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಹೆಸರು ಬಂತಲ್ಲ, ಅದರ ಬಗ್ಗೆಯೂ ಹೇಳಬೇಕು. ಅದು ಹುಟ್ಟಿದ್ದು ಕಲ್ಕತ್ತಾದಲ್ಲಿ, 1891ರ ಮಾರ್ಚ್ 11ರಂದು, ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಅನ್ನುವ ಹೆಸರಿನಲ್ಲಿ. ರಾಜಧಾನಿ ದೆಹಲಿಗೆ ಹೋದ ಮೇಲೆ 1926ರಲ್ಲಿ ಈಗಿನ ಜನಪಥದ ಕಟ್ಟಡಕ್ಕೆ ಬಂತು. ಅಲ್ಲಿ 34 ಕೋಟಿಗೂ ಹೆಚ್ಚು ಪುಟಗಳಿವೆ. ಬೆಂಗಳೂರಿನವರು ತಲೆಕೆಡಿಸಿಕೊಳ್ಳಬೇಕಾದ ಕಾರಣ ಇಷ್ಟೇ: ನಮ್ಮ ಊರಿನ ಇತಿಹಾಸದ ಒಂದು ದೊಡ್ಡ ಪಾಲು ಅಲ್ಲಿದೆ. ಮೈಸೂರು ಸಂಸ್ಥಾನದ ಮೇಲೆ ಕಣ್ಣಿಡಲು ಬ್ರಿಟಿಷರು ನೇಮಿಸಿದ್ದ ರೆಸಿಡೆಂಟ್ ಇದ್ದದ್ದು ಬೆಂಗಳೂರಿನಲ್ಲಿ, ಈಗಿನ ರಾಜಭವನದಲ್ಲಿ. ಆ ಮೈಸೂರು ರೆಸಿಡೆನ್ಸಿಯ ಕಡತಗಳು ದೆಹಲಿಗೆ ಹೋದವು. ಮೈಸೂರು ಸರ್ಕಾರದ ಕಡೆಯ ಕಡತಗಳು ಇಲ್ಲೇ ಉಳಿದು ಈಗ ನಮ್ಮ ರಾಜ್ಯ ಪತ್ರಾಗಾರದಲ್ಲಿವೆ. ಹಾಗಾಗಿ ಒಂದೇ ವಿಷಯಕ್ಕೆ ಒಬ್ಬರು ಬರೆದ ಪತ್ರ ವಿಧಾನಸೌಧದ ಬಳಿ, ಇನ್ನೊಬ್ಬರ ಮನಸ್ಸಿನ ಮಾತು ಜನಪಥದಲ್ಲಿ. ಎರಡನ್ನೂ ಓದಿದವರಿಗೇ ಪೂರ್ತಿ ಕಥೆ ತಿಳಿಯುವುದು.

2015ರಲ್ಲಿ ರಾಷ್ಟ್ರೀಯ ಪತ್ರಾಗಾರ ‘ಅಭಿಲೇಖ ಪಟಲ್’ ಅನ್ನುವ ಪೋರ್ಟಲ್ ಶುರುಮಾಡಿತು. ಹೆಸರು ನೋಂದಾಯಿಸಿಕೊಂಡು ಮನೆಯಿಂದಲೇ ಹುಡುಕಬಹುದು. ಮೊದಲ ಸಲ ‘ಬ್ಯಾಂಗಲೋರ್’ ಅಂತ ಹಾಕಿ ಹುಡುಕಿದಾಗ ರಾತ್ರಿ ಊಟ ಮರೆತು ಕೂತಿದ್ದೆ. ಒಂದು ಕಿವಿಮಾತು: ಆ ಕಾಲದ ಗುಮಾಸ್ತರು ಊರಿನ ಹೆಸರನ್ನು ಹೇಗೆ ಬರೆಯುತ್ತಿದ್ದರೋ ಹಾಗೇ ಹುಡುಕಬೇಕು. ‘ಶಿವಮೊಗ್ಗ’ ಅಂದರೆ ಸಿಗದಿದ್ದರೆ ‘ಶಿಮೋಗ’, ‘ತುಮಕೂರು’ ಅಂದರೆ ಸಿಗದಿದ್ದರೆ ‘ಟುಮ್ಕೂರ್’.

ಆ ಹುಡುಗಿಯ ಎರಡನೇ ಪ್ರಶ್ನೆಗೆ ಈಗ ಬರೋಣ. ಒಳಗೆ ಬಿಡುತ್ತಾರಾ?

1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯಲ್ಲಿ, ಮೂವತ್ತು ವರ್ಷಕ್ಕಿಂತ ಹಳೆಯ, ಗೋಪ್ಯವಲ್ಲದ ದಾಖಲೆಗಳನ್ನು ‘ಬೋನಫೈಡ್ ರಿಸರ್ಚ್ ಸ್ಕಾಲರ್’ಗೆ ತೋರಿಸಬಹುದು ಅಂತಿದೆ. ನಿಜವಾದ ಸಂಶೋಧಕರು ಯಾರು ಅನ್ನುವುದೇ ಇಲ್ಲಿ ಪ್ರಶ್ನೆ. ಒಂದು ಕಚೇರಿಯಲ್ಲಿ ನನ್ನನ್ನೇ ಕೇಳಿದ್ದಾರೆ, “ಮೇಡಂ, ನೀವು ಯಾವ ಯೂನಿವರ್ಸಿಟಿ?” ಪತ್ರ ತನ್ನಿ, ಶಿಫಾರಸು ತನ್ನಿ. ದಾಖಲೆ ಕಳುವಾಗಬಾರದು, ಹಾಳಾಗಬಾರದು, ಅದಕ್ಕೆ ನಿಯಮ ಬೇಕು, ಒಪ್ಪುತ್ತೇನೆ. ಆದರೆ ತನ್ನ ಊರಿನ ಕೆರೆ ಎಲ್ಲಿಗೆ ಹೋಯಿತು ಅಂತ ತಿಳಿಯಬೇಕಾದ ರೈತನೂ, ತನ್ನ ಶಾಲೆಗೆ ಜಾಗ ಯಾರು ಕೊಟ್ಟರು ಅಂತ ಕೇಳುವ ಎಂಟನೇ ಕ್ಲಾಸಿನ ಹುಡುಗಿಯೂ ನಿಜವಾದ ಓದುಗರೇ. ಓದುವ ಕೋಣೆಗೆ ಮಕ್ಕಳನ್ನು ಗುಂಪಾಗಿ ಬಿಡುವುದು ಕಷ್ಟ ಅನ್ನುವುದೂ ನಿಜ. ಅದಕ್ಕೇ ಉಪನ್ಯಾಸ, ಪ್ರದರ್ಶನ, ಶಾಲಾ ಚಟುವಟಿಕೆ ಬೇಕು ಅನ್ನುವುದು. ಇವುಗಳಿಗೆ ಬರುವವರ ಹತ್ತಿರ ಯಾರೂ ಯೂನಿವರ್ಸಿಟಿ ಕೇಳುವುದಿಲ್ಲ.

ಬೇರೆ ದೇಶಗಳ ರಾಷ್ಟ್ರೀಯ ಪತ್ರಾಗಾರಗಳು ಇದನ್ನು ತಮ್ಮ ಮುಖ್ಯ ಕೆಲಸಗಳಲ್ಲಿ ಒಂದು ಅಂತಲೇ ನೋಡುತ್ತವೆ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್ ಶಾಲೆಗಳಿಗಾಗಿ ಮೂಲ ದಾಖಲೆಗಳನ್ನೇ ಇಟ್ಟುಕೊಂಡು ಮಾಡಿದ ಪಾಠಗಳನ್ನು ಉಚಿತವಾಗಿ ಕೊಡುತ್ತದೆ. ಅಮೆರಿಕದ ನ್ಯಾಷನಲ್ ಆರ್ಕೈವ್ಸ್ ಮಕ್ಕಳಿಗೆ ದಾಖಲೆ ಓದುವ ಪ್ರಶ್ನೆ ಹಾಳೆಗಳನ್ನು ಮಾಡಿದೆ. ಪತ್ರಕ್ಕೆ ಒಂದು, ಫೋಟೋಗೆ ಒಂದು, ನಕ್ಷೆಗೆ ಒಂದು. ಮೊದಲು ಸುಮ್ನೆ ನೋಡಿ, ಏನು ಕಾಣುತ್ತದೆ ಹೇಳಿ. ಆಮೇಲೆ ಯಾರು, ಯಾವಾಗ, ಯಾರಿಗೆ. ಕೊನೆಗೆ, ಇದರಿಂದ ಏನು ತಿಳಿಯಿತು, ಇನ್ನೂ ಏನು ತಿಳಿಯಬೇಕು. ನಾನು ಆ ಕ್ರಮವನ್ನು ಇಟ್ಟುಕೊಂಡು ಕನ್ನಡದಲ್ಲಿ ನನ್ನದೇ ಹಾಳೆ ಮಾಡಿಕೊಂಡೆ. ಒಂದು ಪ್ರಶ್ನೆ ನಾನೇ ಸೇರಿಸಿದೆ: ಈ ಕಾಗದವನ್ನು ಯಾರೋ ಎಸೆಯದೆ ಇಟ್ಟುಕೊಂಡರಲ್ಲ, ಯಾಕೆ?

ಮೊದಲ ಚಟುವಟಿಕೆ ನಕ್ಷೆಯದು. ಬೆಂಗಳೂರಿನ ಹಳೇ ನಕ್ಷೆಯೊಂದರ ದೊಡ್ಡ ಪ್ರತಿ ಮಾಡಿಸಿ ನೆಲದ ಮೇಲೆ ಹಾಸಿದೆ. ಪಕ್ಕದಲ್ಲಿ ಫೋನಿನ ಮ್ಯಾಪು. ನೀಲಿ ಬಣ್ಣ ಹಚ್ಚಿದ ಜಾಗಗಳಲ್ಲಿ ಈಗ ಏನಿದೆ ಹುಡುಕಿ ಅಂದೆ. ಮಕ್ಕಳು ಮಂಡಿ ಊರಿ ಕೂತರು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಸ್ಟೇಡಿಯಂ. ಶೂಲೆ ಕೆರೆ ಇದ್ದಲ್ಲಿ ಫುಟ್‌ಬಾಲ್ ಸ್ಟೇಡಿಯಂ, ಅಕ್ಕಿತಿಮ್ಮನಹಳ್ಳಿ ಕೆರೆ ಇದ್ದಲ್ಲಿ ಹಾಕಿ ಸ್ಟೇಡಿಯಂ. “ಕೆರೆ ಎಲ್ಲಾ ಆಟದ ಮೈದಾನ ಆಗಿದೆಯಲ್ಲ ಮಿಸ್!” ಅಂತ ಒಬ್ಬ ಕೂಗಿದ. ಯಾಕೆ ಹಾಗಾಯಿತು ಅಂತ ಅವರೇ ಚರ್ಚೆ ಶುರುಮಾಡಿದರು. 1896ರ ಹೊತ್ತಿಗೆ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬರತೊಡಗಿತು, ಊರೊಳಗಿನ ಕೆರೆಗಳ ನೀರನ್ನು ನೆಚ್ಚಿಕೊಳ್ಳುವುದು ಕಡಿಮೆಯಾಯಿತು ಅಂತ ಅಷ್ಟು ಸುಳಿವು ಕೊಟ್ಟೆ. ಉಳಿದದ್ದನ್ನು ಅವರು ಕಟ್ಟಿಕೊಂಡರು. ಯಲಹಂಕ ಕೆರೆ ಎರಡೂ ನಕ್ಷೆಯಲ್ಲಿ ಇರುವುದು ಕಂಡಾಗ ಚಪ್ಪಾಳೆ ಹೊಡೆದರು.

ಎರಡನೆಯದು ಮೈಸೂರು ಪ್ರಜಾಪ್ರತಿನಿಧಿ ಸಭೆ. ಇದು ನನಗೆ ಬಹಳ ಇಷ್ಟದ್ದು. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೊದಲ ಸಭೆ ಸೇರಿತು. 144 ಜನ ಸದಸ್ಯರು. ಪಠ್ಯಪುಸ್ತಕದಲ್ಲಿ ಇದು ಒಂದು ಸಾಲು. ಆದರೆ ಆ ಸಭೆಗಳ ನಡಾವಳಿ ಅಚ್ಚಾಗಿ ಉಳಿದಿದೆ. ತೆಗೆದು ಓದಿದರೆ ಸಾಮಾನ್ಯ ಜನರ ಬದುಕೇ ಅಲ್ಲಿದೆ. ಕೆರೆ ಏರಿ ಒಡೆದಿದೆ ಸರಿಮಾಡಿಸಿ. ಸಂತೆಗೆ ಹೋಗಲು ರಸ್ತೆ ಬೇಕು. ಕುಡಿಯಲು ಬಾವಿ ಬೇಕು. ಸೌದೆಗೆ, ಗೋಮಾಳಕ್ಕೆ ಅರಣ್ಯದವರ ತೊಂದರೆ. ದಸರಾ ಹೊತ್ತಿಗೆ ತಾಲ್ಲೂಕುಗಳಿಂದ ಮೈಸೂರಿಗೆ ಬಂದು ಇವನ್ನೆಲ್ಲ ದಿವಾನರ ಮುಂದೆ ಹೇಳುತ್ತಿದ್ದರು. ಶುರುವಿನಲ್ಲಿ ಸದಸ್ಯರಿಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಕೇಳಿಕೊಳ್ಳಬಹುದಿತ್ತು ಅಷ್ಟೇ. ಸರ್ಕಾರದ ಉತ್ತರವೂ ದಾಖಲಾಗುತ್ತಿತ್ತು.

ಕೆಲವು ಬೇಡಿಕೆಗಳನ್ನು ಸರಳ ಕನ್ನಡಕ್ಕೆ ತಂದು ಚೀಟಿ ಮಾಡಿ ಮಕ್ಕಳಿಗೆ ಹಂಚಿದೆ. ಒಬ್ಬೊಬ್ಬರು ಒಂದು ತಾಲ್ಲೂಕಿನ ಪ್ರತಿನಿಧಿ. ದಿವಾನರ ಪಾತ್ರಕ್ಕೆ ಜಗಳ ಆಗುತ್ತದೆ ಅಂದುಕೊಂಡಿದ್ದೆ, ಆದರೆ ಎಲ್ಲರಿಗೂ ಬೇಡಿಕೆ ಹೇಳುವ ಕಡೆಯೇ ಇರಬೇಕಿತ್ತು. ಮಧುಗಿರಿ ಕಡೆಯಿಂದ ಬಂದು ಇಲ್ಲಿ ಕೂಲಿ ಮಾಡುವವರ ಮಗ ಒಬ್ಬ, ತನ್ನ ಚೀಟಿ ಓದಿ ಮುಗಿಸಿದ ಮೇಲೆ ಕೂರಲಿಲ್ಲ. “ನಮ್ಮೂರಲ್ಲಿ ಈಗಲೂ ಕೆರೆಗೆ ನೀರು ಬಂದಿಲ್ಲ, ಅದನ್ನೂ ಬರ್ಕೊಳ್ಳಿ” ಅಂದ. ಬರೆದುಕೊಂಡೆವು. ಆಮೇಲೆ ಪ್ರತಿಯೊಬ್ಬರೂ ತಮ್ಮ ಬೀದಿಯ ಒಂದೊಂದು ಬೇಡಿಕೆ ಬರೆದರು. ಬೀದಿ ದೀಪ, ಚರಂಡಿ, ಬಸ್ಸು, ಆಟದ ಜಾಗ. ಬರೆದ ತಾರೀಖು, ಬರೆದವರ ಹೆಸರು, ಬೀದಿಯ ಹೆಸರು ಕಡ್ಡಾಯ. ತಾರೀಖು ಇಲ್ಲದ ಕಾಗದದಿಂದ ಎಷ್ಟು ಕಷ್ಟ ಅಂತ ಅವರಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಆ ಹಾಳೆಗಳೆಲ್ಲ ಈಗ ನಮ್ಮ ಶಾಲೆಯ ಬೀರುವಿನಲ್ಲಿ ಒಂದು ಪೆಟ್ಟಿಗೆಯಲ್ಲಿವೆ. ಪಿನ್ ಹಾಕಿಲ್ಲ, ಹತ್ತಿ ದಾರದಲ್ಲಿ ಕಟ್ಟಿದ್ದೇವೆ.

ಪ್ಲೇಗಿನದೂ ಮಾಡಿದೆ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಮನೆ ಖಾಲಿ ಮಾಡಿಸುವುದು, ರೈಲಿನಲ್ಲಿ ಬಂದವರ ತಪಾಸಣೆ, ಊರ ಹೊರಗೆ ಗುಡಿಸಲು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದಕ್ಕೂ ಆ ಭಯವೇ ಒಂದು ಕಾರಣ. ಇದನ್ನು ಓದುವಾಗ ಮಕ್ಕಳು ತಾವಾಗಿಯೇ ಕೊರೋನಾ ನೆನಪಿಗೆ ಬಂದರು. ಯಾರ ಬೀದಿಗೆ ತಗಡು ಹೊಡೆದಿದ್ದರು, ಯಾರ ಮನೆಗೆ ಚೀಟಿ ಅಂಟಿಸಿದ್ದರು. ಆ ಚೀಟಿ ಯಾರ ಹತ್ತಿರವಾದರೂ ಇದೆಯಾ ಅಂತ ಕೇಳಿದೆ. ಒಬ್ಬರ ಹತ್ತಿರವೂ ಇರಲಿಲ್ಲ. ಇಷ್ಟು ಬೇಗ ಹೋಗಿಬಿಡುತ್ತದೆ.

ನನ್ನ ಕೋರಿಕೆ ಎರಡೇ. ಮೊದಲನೆಯದು ಉಪನ್ಯಾಸ ನಡೆಸುವವರಿಗೆ. ವರ್ಷಕ್ಕೆ ಕೆಲವನ್ನಾದರೂ ಪೂರ್ತಿ ಕನ್ನಡದಲ್ಲಿ, ಶನಿವಾರ ಮಧ್ಯಾಹ್ನ ಇಡಿ. ಶನಿವಾರ ನಮಗೆ ಬೆಳಗಿನ ಶಾಲೆ, ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಬರಬಹುದು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದು ಹೋದ ಅಕ್ಷರ ಕಂಪ್ಯೂಟರಿನಲ್ಲಿ ಎದ್ದು ಬರುವುದನ್ನು ನೋಡಿದರೆ ಯಾವ ಮಗುವಾದರೂ ಬೆರಗಾಗುತ್ತದೆ. ಕಾಗದದ ದಾಖಲೆಗಳಿಗೂ ಹಾಗೆ ಕಣ್ಣೆದುರು ತೋರಿಸುವವರು ಬೇಕು. ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯನ್ನು ಓದುವವರು ಇನ್ನೂ ಇದ್ದಾರೆ. ಅವರನ್ನು ಕರೆಸಿ, ನಾಲ್ಕು ಅಕ್ಷರ ಬರೆಸಿ. ಹಳೇ ಮೈಸೂರಿನ ಎಷ್ಟೋ ಲೆಕ್ಕಪತ್ರ ಆ ಲಿಪಿಯಲ್ಲಿ ಇದೆ.

ಎರಡನೆಯದು ಶಿಕ್ಷಕರಿಗೆ. ಮಾರ್ಚ್ 11 ರಾಷ್ಟ್ರೀಯ ಪತ್ರಾಗಾರದ ಸ್ಥಾಪನಾ ದಿನ, ಆದರೆ ಆಗ ನಮಗೆ ಪರೀಕ್ಷೆಯ ಗಡಿಬಿಡಿ. ಜೂನ್ 9 ಅಂತಾರಾಷ್ಟ್ರೀಯ ಪತ್ರಾಗಾರ ದಿನ. 1948ರಲ್ಲಿ ಅದೇ ದಿನ ಯುನೆಸ್ಕೋ ಆಶ್ರಯದಲ್ಲಿ ಪತ್ರಾಗಾರಗಳ ಅಂತಾರಾಷ್ಟ್ರೀಯ ಪರಿಷತ್ತು ಶುರುವಾಯಿತು. ಜೂನಿನಲ್ಲಿ ಶಾಲೆ ಆಗತಾನೇ ಆರಂಭವಾಗಿರುತ್ತದೆ, ‘ಆಧಾರಗಳು’ ಪಾಠವೂ ಮೊದಲಲ್ಲೇ ಬರುತ್ತದೆ. ಆ ವಾರ ಪ್ರತಿ ಮಗುವೂ ಮನೆಯಿಂದ ಒಂದು ಕಾಗದ ತರಲಿ. ಅಜ್ಜನ ಪಡಿತರ ಚೀಟಿ, ಅಮ್ಮನ ಮಾರ್ಕ್ಸ್ ಕಾರ್ಡು, ಕಂದಾಯದ ರಸೀದಿ, ಮದುವೆ ಕರೆಯೋಲೆ, ಯಾವುದಾದರೂ ಸರಿ. ಮೂಲ ಪ್ರತಿ ಕಳೆದುಹೋದೀತು ಅನ್ನುವ ಭಯ ಇದ್ದರೆ ಜೆರಾಕ್ಸ್ ಸಾಕು. ಮನೆಯಲ್ಲಿ ಕಾಗದವೇ ಇಲ್ಲ ಅನ್ನುವ ಮಕ್ಕಳೂ ಇರುತ್ತಾರೆ. ಅವರು ಅಜ್ಜಿಯ ಹತ್ತಿರ ಕೂತು ಒಂದು ನೆನಪು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರಲಿ. ಅದೂ ದಾಖಲೆಯೇ.

ನನ್ನ ಕನ್ನಡ ಪ್ರಶ್ನೆ ಹಾಳೆ, ನಕ್ಷೆ ಚಟುವಟಿಕೆಯ ಸೂಚನೆ, ಪ್ರಜಾಪ್ರತಿನಿಧಿ ಸಭೆಯ ಚೀಟಿಗಳು ಎಲ್ಲ ತಯಾರಿವೆ. ಯಾವ ಶಾಲೆಯವರು ಕೇಳಿದರೂ ಕಳಿಸಿಕೊಡುತ್ತೇನೆ. ಬದಲಾಯಿಸಿಕೊಳ್ಳಿ, ನಿಮ್ಮ ಊರಿನ ಕೆರೆಯ ಹೆಸರು ಹಾಕಿಕೊಳ್ಳಿ. ಮಕ್ಕಳು ಏನು ಕೇಳಿದರು ಅನ್ನುವುದನ್ನು ಮಾತ್ರ ನನಗೆ ಬರೆದು ತಿಳಿಸಿ.